ತಕ್ಕಡಿ ದೊಡ್ಡಪ್ಪನ ಸ್ಲೇಟು

ನಾನು ಬಂದರು ಕಚೇರಿಯಿಂದ ನಿವೃತ್ತಳಾಗಿ ಆರು ವರ್ಷ ಕಳೆದ ಮೇಲೆ ಅಲ್ಲಿಯವರಿಗೆ ನನ್ನ ನೆನಪಾಯಿತು. ಏಳುವ ಸೇತುವೆ ಇನ್ನು ಮೇಲೆ ಏಳುವುದಿಲ್ಲ, ಬೆಸುಗೆ ಹಾಕಿ ಕೂರಿಸಿದ್ದೇವೆ, ಪಕ್ಕದಲ್ಲಿ ಒಂದು ಫಲಕ ನಿಲ್ಲಿಸಬೇಕು, ನೀವು ಹಳಬರು, ಸೇತುವೆಯ ಚರಿತ್ರೆಯನ್ನು ಒಂದು ಪುಟದಲ್ಲಿ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಕಟ್ಟಿದ ವರ್ಷ, ಉದ್ದ, ಅಗಲ, ಒಂದು ಕಾಲದಲ್ಲಿ ದಿನಕ್ಕೆ ಮೂವತ್ತು ಸಲ ಏಳುತ್ತಿದ್ದದ್ದು, ಆಮೇಲೆ ಆರು ಸಲ, ಆಮೇಲೆ ವಾರಕ್ಕೊಂದು ಸಲ, ಕೊನೆಗೆ ಹಡಗುಗಳೆಲ್ಲ ಹೊರಗಿನ ಹೊಸ ಬಂದರಿಗೆ ಹೋಗಿ ಇದು ಏಳುವುದಕ್ಕೆ ಕಾರಣವೇ ಇಲ್ಲದೆ ಹೋದದ್ದು. ಹೊಸ ಅಧಿಕಾರಿ ಓದಿದ. ಚೆನ್ನಾಗಿದೆ, ಆದರೆ ಅಪಘಾತದ ಸಾಲು ಬೇಡ, ಓದುವ ಜನಕ್ಕೆ ಕಿರಿಕಿರಿ ಎಂದ. ತೆಗೆದುಹಾಕಿ ಎಂದೆ. ಮೂವತ್ತಾರು ವರ್ಷ ಅವರ ಕಾಗದ ಟೈಪು ಮಾಡಿದವಳಿಗೆ ಸಾಲು ತೆಗೆಯುವುದು ಹೊಸದಲ್ಲ. ಮನೆಗೆ ಬಂದ ಮೇಲೆ ಸಿಟ್ಟು ನೆತ್ತಿಗೇರಿತು.

ಆ ಫಲಕದಲ್ಲಿ ದೊಡ್ಡಪ್ಪ ಇಲ್ಲ. ಅವರು ತೀರಿಕೊಂಡು ಬರುವ ವಾರಕ್ಕೆ ಎರಡು ತಿಂಗಳು. ಅವರು ಇರುವಾಗ ಇದನ್ನು ಬರೆಯುವ ಹಾಗಿರಲಿಲ್ಲ. ಈಗ ಓದಿ ನೊಂದುಕೊಳ್ಳುವವರೆಂದರೆ ಅತ್ತೆ ಒಬ್ಬರೇ. ಅವರಿಗೆ ಕಣ್ಣು ಕಾಣುವುದಿಲ್ಲ, ನಾನು ಓದಿ ಹೇಳುವುದಿಲ್ಲ.

ದೊಡ್ಡಪ್ಪನನ್ನು ಬಂದರಿನವರೆಲ್ಲ ತಕ್ಕಡಿ ಎನ್ನುತ್ತಿದ್ದರು. ಹಿಂದಿನಿಂದಲ್ಲ, ಎದುರಿಗೇ. ಅವರು ಅದನ್ನು ಬಿರುದಿನ ಹಾಗೆ ತೆಗೆದುಕೊಳ್ಳುತ್ತಿದ್ದರು. ಸೇತುವೆ ಏಳುವುದನ್ನು ನೋಡುವವರು ಮೋಟಾರು ಅದನ್ನು ಎತ್ತುತ್ತಿದೆ ಎಂದುಕೊಳ್ಳುತ್ತಾರೆ. ಆ ಮೋಟಾರು ಹಿಟ್ಟಿನ ಗಿರಣಿಯ ಮೋಟಾರಿನಷ್ಟಿತ್ತು, ಅಷ್ಟೇ. ನಿಜವಾಗಿ ಎತ್ತುತ್ತಿದ್ದದ್ದು ಭಾರ. ರಸ್ತೆಯ ತುಂಡು ನೀರಿನ ಮೇಲೆ ಚಾಚಿಕೊಂಡಿರುತ್ತದೆ, ಅದರ ಬಾಲ ದಡದ ಕೆಳಗಿನ ಗುಂಡಿಯಲ್ಲಿ ಇರುತ್ತದೆ. ಬಾಲಕ್ಕೆ ಒಂದು ಕೋಣೆಯಷ್ಟು ದೊಡ್ಡ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಕಬ್ಬಿಣದ ಗಟ್ಟಿಗಳು. ಮುಂದಿನ ಭಾರಕ್ಕೂ ಹಿಂದಿನ ಭಾರಕ್ಕೂ ಸರಿಹೋದರೆ ಸೇತುವೆ ಬೆರಳು ತಾಗಿಸಿದ ಹಾಗೆ ಏಳುತ್ತದೆ. ಸರಿ ಎಂದರೆ ಪೂರ್ತಿ ಸರಿಯಲ್ಲ. ಮೂಗಿನ ಕಡೆ, ಅಂದರೆ ನೀರಿನ ಮೇಲೆ ಚಾಚಿದ ತುದಿಗೆ, ಒಂದು ಚೂರು ಭಾರವಿರಬೇಕು, ಇಲ್ಲದಿದ್ದರೆ ಲಾರಿ ಹೋಗುವಾಗ ಕುಣಿಯುತ್ತದೆ. ಆ ಚೂರು ಹೆಚ್ಚಾದರೆ ಇಳಿಯುವಾಗ ಕೈಮೀರುತ್ತದೆ.

ಆ ಚೂರನ್ನು ಕಾಯುವುದು ದೊಡ್ಡಪ್ಪನ ಕೆಲಸ. ಮೇಲೆ ಹೊಸದಾಗಿ ಟಾರು ಹಾಕಿದರೆ ಕೆಳಗೆ ಗಟ್ಟಿ ಸೇರಿಸುವುದು, ಮಳೆಗೆ ಕಾಲುದಾರಿಯ ಹಲಗೆ ನೆನೆದರೆ ಎರಡು ಸೇರಿಸಿ, ಬಿಸಿಲಿಗೆ ಒಣಗಿದ ಮೇಲೆ ಎರಡು ತೆಗೆಯುವುದು. ವರ್ಷಗಟ್ಟಲೆ ಇದನ್ನೇ ಮಾಡಿ ಅವರಿಗೆ ಕಂಡದ್ದನ್ನೆಲ್ಲ ತೂಗುವ ಚಟ ಹತ್ತಿತ್ತು. ನಾನು ಗುಂಡಿಯ ಮೆಟ್ಟಿಲು ಇಳಿಯುವ ಸದ್ದು ಕೇಳಿಯೇ, ಹೋದ ತಿಂಗಳಿಗಿಂತ ಎರಡು ಕೆಜಿ ಇಳಿದಿದ್ದಾಳೆ ಎಂದು ಗೋಡೆಗೆ ಹೇಳುತ್ತಿದ್ದರು. ಹೆಣ್ಣುಮಕ್ಕಳಿಗೆ ಹಾಗೆಲ್ಲ ಹೇಳಬಾರದು ದೊಡ್ಡಪ್ಪ ಎಂದರೆ, ಹೇಳದಿದ್ದರೆ ಕಡಿಮೆಯಾಗುತ್ತದೆಯೇ ಎನ್ನುತ್ತಿದ್ದರು.

ಅಪ್ಪ ಅವರ ತಮ್ಮ, ಅದೇ ಸೇತುವೆಗೆ ಬಣ್ಣ ಬಳಿಯುವ ಗುಂಪಿನ ಮೇಸ್ತ್ರಿ. ಉಪ್ಪುಗಾಳಿಗೆ ಕಬ್ಬಿಣ ಉಳಿಯಬೇಕಾದರೆ ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಕೆರೆದು ಹೊಸದು ಬಳಿಯಬೇಕು. ಬಣ್ಣಕ್ಕೆ ಭಾರವಿದೆ ಎಂದು ನಮ್ಮ ಮನೆಯವರ ಹಾಗೆ ತಿಳಿದವರು ಬೇರೆ ಯಾರೂ ಇರಲಾರರು. ಅಪ್ಪ ಕೆರೆದ ಚಕ್ಕೆಯನ್ನು ಗೋಣಿಯಲ್ಲಿ ತುಂಬಿಸಿ ತೂಗಿಸಬೇಕು, ಬಳಿದ ಡಬ್ಬಿಗಳ ಲೆಕ್ಕ ಇಡಬೇಕು, ಎರಡನ್ನೂ ಗುಂಡಿಯ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿದ್ದ ಸ್ಲೇಟಿನ ಮೇಲೆ ಬರೆಯಬೇಕು. ದೊಡ್ಡಪ್ಪ ಅದನ್ನು ನೋಡಿ ಗಟ್ಟಿ ಹಾಕಬೇಕು. ಇದರಲ್ಲಿ ಒಂದು ಸೂಕ್ಷ್ಮವಿತ್ತು. ಹಸಿ ಬಣ್ಣ ಒಣಗಿದಾಗ ಅದರಲ್ಲಿ ಬೆರೆಸಿದ ಎಣ್ಣೆಯ ಅಂಶ ಹಾರಿಹೋಗಿ ಮೂರರಲ್ಲಿ ಒಂದು ಪಾಲು ತೂಕ ಕಡಿಮೆಯಾಗುತ್ತದೆ. ಹಾಗಾಗಿ ಸ್ಲೇಟಿನ ಮೇಲೆ ಮುನ್ನೂರು ಎಂದಿದ್ದರೆ ದೊಡ್ಡಪ್ಪ ಇನ್ನೂರಕ್ಕೆ ಗಟ್ಟಿ ಹಾಕುತ್ತಿದ್ದರು. ಅವರ ಮುಂಚಿನವನು ಹಾಗೇ ಮಾಡುತ್ತಿದ್ದ, ಅವನ ಮುಂಚಿನವನೂ ಹಾಗೇ. ಅದು ಅವರಿಗೆ ಉಸಿರಾಟದಷ್ಟೇ ರೂಢಿಯಾಗಿತ್ತು.

ಸೇತುವೆಯ ಆಚೆ ತುದಿಯಲ್ಲಿ, ಮೂಗು ಬಂದು ಕೂರುವ ಕಡೆ, ಕೊಂಡಿ ಹಾಕುವ ಕೆಲಸಕ್ಕೆ ಇದ್ದವರು ಮಾವ, ಅಂದರೆ ಅಪ್ಪ ಮತ್ತು ದೊಡ್ಡಪ್ಪನ ಒಬ್ಬಳೇ ತಂಗಿಯ ಗಂಡ. ಮಾವನಿಗೆ ಶುಚಿಯ ಹುಚ್ಚು. ಮೂಗು ಕೂರುವ ಕಲ್ಲಿನ ಮೇಲೆ ಒಂದು ಕಡ್ಡಿ ಇರಬಾರದೆಂದು ಸೇತುವೆ ಇಳಿದು ತಲೆಯ ಎತ್ತರಕ್ಕೆ ಬರುವವರೆಗೂ ಬಗ್ಗಿ ಬಟ್ಟೆಯಲ್ಲಿ ಒರೆಸುತ್ತಿರುತ್ತಿದ್ದರು. ಬೇಡ ಎಂದು ಎಲ್ಲರೂ ಹೇಳುತ್ತಿದ್ದರು. ಅದು ನಿಧಾನಕ್ಕೆ ಬರುತ್ತದಲ್ಲ, ನನಗೇನು ಕಾಲಿಲ್ಲವೇ ಎನ್ನುತ್ತಿದ್ದರು.

ನನಗೆ ಆಗ ಹತ್ತು ವರ್ಷ. ಆ ವರ್ಷ ಬಂದರಿನವರು ಹೊಸ ಬಗೆಯ ಬಣ್ಣ ತರಿಸಿದ್ದರು. ಗಟ್ಟಿ ಬಣ್ಣ, ಅದರಲ್ಲಿ ಹಾರಿಹೋಗುವ ಅಂಶವೇ ಇಲ್ಲವೆನ್ನುವಷ್ಟು ಕಡಿಮೆ. ಅಪ್ಪನಿಗೆ ಅದು ಮೊದಲ ದಿನವೇ ಗೊತ್ತಾಗಿತ್ತು. ಒಂದು ತಗಡಿನ ತುಂಡಿಗೆ ಬಳಿದು, ಒಣಗಿಸಿ, ತೂಗಿ ನೋಡಿದ್ದರು. ಇಡೀ ಸೇತುವೆ ಬಳಿದು ಮುಗಿಸಿದ ದಿನ ಅವರು ಸ್ಲೇಟಿನ ಮೇಲೆ ಎರಡು ಸಾಲು ಬರೆದರು. ಮೊದಲನೆಯದು, ೨೭೦೦ ಕೆಜಿ. ಎರಡನೆಯದು, ಹೊಸ ಬಣ್ಣ, ಒಣಗಿದರೂ ಹಗುರಾಗದು, ಏನೂ ಕಳೆಯಬೇಡ.

ದೊಡ್ಡಪ್ಪ ಕಳೆದರು. ರೂಢಿಯ ಪ್ರಕಾರ ಮೂರನೇ ಒಂದು ಪಾಲು, ಒಂಬೈನೂರು ಕೆಜಿ ಕಳೆದರು. ಮೂರು ದಿನದ ಮೇಲೆ, ಬೆಳಗ್ಗೆ ಹತ್ತು ಗಂಟೆಗೆ, ಒಂದು ಹಡಗನ್ನು ಒಳಬಿಟ್ಟು ಸೇತುವೆ ಇಳಿಯುತ್ತಿದ್ದಾಗ ಮೊದಲೇ ಸವೆದಿದ್ದ ಬ್ರೇಕು ಆ ಭಾರವನ್ನು ಹಿಡಿಯಲಿಲ್ಲ. ಕೊನೆಯ ಒಂದು ಮಾರು ಒಮ್ಮೆಲೇ ಬಿತ್ತು. ಮಾವ ಕಲ್ಲು ಒರೆಸುತ್ತಿದ್ದರು.

ವಿಚಾರಣೆ ನಡೆಯಿತು. ಅಪ್ಪ ಮೊದಲ ದಿನ, ನಾನು ಎರಡು ಸಾಲು ಬರೆದಿದ್ದೆ ಎಂದರು. ಸ್ಲೇಟು ತಂದು ನೋಡಿದರೆ ಒಂದೇ ಸಾಲಿತ್ತು. ದೊಡ್ಡಪ್ಪನನ್ನು ಕೇಳಿದರು, ಅವರು ನಾನು ನೋಡಿದ್ದು ನಂಬರು ಮಾತ್ರ ಎಂದರು. ಎರಡನೇ ದಿನ ಅಪ್ಪನನ್ನು ಮತ್ತೆ ಕರೆದಾಗ, ಬರೆದೆ ಅಂದುಕೊಂಡಿದ್ದೆ, ಬರೆದಿರಲಿಕ್ಕಿಲ್ಲ, ನೆನಪಿಲ್ಲ ಎಂದುಬಿಟ್ಟರು. ಕೊನೆಗೆ ತಪ್ಪೆಲ್ಲ ಬ್ರೇಕಿನದು ಎಂದು ವರದಿಯಾಯಿತು. ಬ್ರೇಕಿಗೆ ಹೆಂಡತಿಮಕ್ಕಳಿಲ್ಲ, ಮೇಲಿನವರಿಗೆ ಅದೇ ಅನುಕೂಲ. ಆ ವರದಿಯ ನಕಲನ್ನು ಎಷ್ಟೋ ವರ್ಷದ ಮೇಲೆ ನಾನೇ ಕಪಾಟಿನಲ್ಲಿ ಕಂಡೆ, ನಾಲ್ಕೂವರೆ ಪುಟ.

ಆದರೆ ಮನೆಯೊಳಗೆ ತೀರ್ಪು ಬೇರೆಯಾಗಿತ್ತು. ಬರೆಯದೆ ಬಿಟ್ಟವನು ಅಪ್ಪ, ಮೊದಲ ದಿನ ಸುಳ್ಳು ಹೇಳಿದವನೂ ಅಪ್ಪ. ಅತ್ತೆಗೆ ಆಗ ಇಪ್ಪತ್ತಾರು, ಇಬ್ಬರು ಮಕ್ಕಳು. ಅವರು ದೊಡ್ಡಪ್ಪನ ಮನೆ ಸೇರಿದರು. ದೊಡ್ಡಪ್ಪನಿಗೆ ಒಂದು ಸಂಬಂಧ ಬಂದು ಮಾತುಕತೆ ಮುಗಿಯುವ ಹಂತದಲ್ಲಿತ್ತು, ಅದನ್ನು ಬೇಡವೆಂದು ಹೇಳಿ ತಂಗಿಯ ಮಕ್ಕಳನ್ನು ಸಾಕಿದರು. ಅತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ದಾರಿಯಲ್ಲಿ ಎದುರಾದರೆ ನನ್ನ ಗಲ್ಲ ಸವರಿ, ಅಪ್ಪನ ವಿಷಯ ಎತ್ತದೆ ಮುಂದೆ ಹೋಗುತ್ತಿದ್ದರು. ಅಣ್ಣ ತಮ್ಮ ಇಬ್ಬರ ನಡುವೆ ಮಾತು ನಿಂತಿತು.

ಮಾತು ನಿಂತರೂ ಕೆಲಸ ನಿಲ್ಲುವ ಹಾಗಿರಲಿಲ್ಲ. ಒಬ್ಬರು ಬಳಿಯಬೇಕು, ಇನ್ನೊಬ್ಬರು ತೂಗಬೇಕು. ಇಪ್ಪತ್ತೆರಡು ವರ್ಷ ಅವರಿಬ್ಬರ ನಡುವೆ ಇದ್ದದ್ದು ಆ ಸ್ಲೇಟು ಒಂದೇ. ಅಪ್ಪ ಬೆಳಗ್ಗೆ ಬರೆದು ಹೋಗುತ್ತಿದ್ದರು, ಕೆರೆದದ್ದು ಇಷ್ಟು, ಬಳಿದದ್ದು ಇಷ್ಟು. ದೊಡ್ಡಪ್ಪ ಮಧ್ಯಾಹ್ನ ನೋಡಿ ಪಕ್ಕದಲ್ಲಿ ಒಂದು ಗೀಟು ಹಾಕುತ್ತಿದ್ದರು, ಓದಿದ್ದೇನೆ ಎನ್ನುವುದಕ್ಕೆ ಗುರುತು. ಅಪಘಾತಕ್ಕೆ ಮುಂಚೆ ಆ ಗೀಟು ಇರಲಿಲ್ಲ. ಅಪಘಾತವಾದ ಮೇಲೆ ಪ್ರತಿ ಸಾಲಿಗೂ, ಒಂದೊಂದು ಸಾಲಿಗೂ ಹಾಕುತ್ತಿದ್ದರು.

ಒಮ್ಮೆ ಮಾತ್ರ ಸ್ಲೇಟು ದಾರಿ ತಪ್ಪಿತು. ಕಂಬಿಗಳ ಸಂದಿಯಲ್ಲಿ ಹಕ್ಕಿಯೊಂದು ಗೂಡು ಕಟ್ಟಿತ್ತು. ಅಪ್ಪ ಅಂದಿನ ಲೆಕ್ಕದ ಕೆಳಗೆ, ಗೂಡು ಒಂದು, ತೆಗೆದಿಲ್ಲ ಎಂದು ಬರೆದರು. ದೊಡ್ಡಪ್ಪ ಗೀಟು ಹಾಕಿ ಕೆಳಗೆ, ಮೊಟ್ಟೆ ಎಷ್ಟು ಎಂದು ಕೇಳಿದರು. ಅಪ್ಪ ಮಾರನೆಯ ದಿನ, ಮೂರು ಎಂದು ಬರೆದರು. ಅದಕ್ಕೂ ಗೀಟು ಬಿತ್ತು. ಆ ಸಂಜೆ ಅಪ್ಪ ಮನೆಗೆ ಬಂದು ಅಮ್ಮನಿಗೆ, ನೋಡು, ಮೂರು ಮೊಟ್ಟೆಗೆ ಎಷ್ಟು ಗಟ್ಟಿ ಹಾಕಿದನೋ ಎಂದು ನಕ್ಕರು. ನಕ್ಕವರು ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಹಿತ್ತಲಲ್ಲಿ ನಿಂತರು. ಅಮ್ಮ ನನ್ನನ್ನು ಆ ಕಡೆ ಹೋಗಬೇಡ ಎಂದರು.

ನಾನು ಇಪ್ಪತ್ತೆರಡಕ್ಕೆ ಬಂದರು ಕಚೇರಿ ಸೇರಿದೆ. ಕಚೇರಿ ದೊಡ್ಡಪ್ಪನ ದಡದಲ್ಲಿ, ಮನೆ ಆಚೆ ದಡದಲ್ಲಿ. ದಿನಕ್ಕೆ ಎರಡು ಸಲ ಸೇತುವೆ ದಾಟುತ್ತಿದ್ದೆ, ಮಧ್ಯಾಹ್ನ ಗುಂಡಿಗೆ ಇಳಿದು ದೊಡ್ಡಪ್ಪನ ಜೊತೆ ಕೂತು ಬುತ್ತಿ ತಿನ್ನುತ್ತಿದ್ದೆ. ಅಪ್ಪನಿಗೂ ಅದು ಗೊತ್ತಿತ್ತು. ಒಂದು ದಿನವೂ ಬೇಡ ಎನ್ನಲಿಲ್ಲ. ಅವನು ಏನು ತಿಂದ ಎಂದು ಮಾತ್ರ ಕೇಳುತ್ತಿದ್ದರು.

ಕೆರೆದ ಹಳೆ ಬಣ್ಣದ ಧೂಳು ಅಪ್ಪನ ಎದೆಯಲ್ಲಿ ಕೂತಿತ್ತು. ಐವತ್ತಮೂರನೆಯ ವಯಸ್ಸಿಗೆ ಮೂರು ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಕೆಲಸ ಬಿಡಿಸಿ ಮಲಗಿಸಿದೆವು. ಡಾಕ್ಟರು ನನ್ನನ್ನು ಹೊರಗೆ ಕರೆದು, ಹೆಚ್ಚು ಅಂದರೆ ಎರಡು ಮೂರು ತಿಂಗಳು ಎಂದರು. ಆ ವಾರವೇ ಒಂದು ಮಧ್ಯಾಹ್ನ ಅಪ್ಪ ನನಗೆ ಎರಡನೇ ಸಾಲಿನ ವಿಷಯ ಹೇಳಿದರು. ಅಲ್ಲಿಯವರೆಗೆ ನಾನೂ ಎಲ್ಲರ ಹಾಗೆ ಅವರು ಬರೆದಿರಲಿಕ್ಕಿಲ್ಲ ಎಂದೇ ನಂಬಿದ್ದೆ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಸಾಲನ್ನು ಅಕ್ಷರ ಬಿಡದೆ ಹೇಳಿದರು. ಅಪಘಾತದ ಸದ್ದು ಕೇಳಿ ಗುಂಡಿಗೆ ಓಡಿದಾಗ ಕಂಡದ್ದನ್ನೂ ಹೇಳಿದರು. ದೊಡ್ಡಪ್ಪ ಸ್ಲೇಟಿಗೆ ಬೆನ್ನು ಕೊಟ್ಟು ನಿಂತಿದ್ದರಂತೆ, ಅವರ ನೀಲಿ ಅಂಗಿಯ ಮೊಣಕೈ ಮೇಲೆ ಬೆಳ್ಳಗೆ ಸೀಮೆಸುಣ್ಣವಿತ್ತಂತೆ.

"ಅವನ ತೋಳು ನೋಡಿದೆ. ಗೊತ್ತಾಯ್ತು. ಅವನ ಕೆಲಸ ಹೋದ್ರೆ ತಂಗಿ, ಆ ಎರಡು ಮಕ್ಕಳು ಎಲ್ಲಿಗೆ ಹೋಗ್ತಾರೆ? ಅದಕ್ಕೆ ನೆನಪಿಲ್ಲ ಅಂದ್ಬಿಟ್ಟೆ."

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷ ಸುಳ್ಳುಗಾರ ಎನ್ನಿಸಿಕೊಂಡು ಬದುಕಿದಿರಲ್ಲ, ಮಾತು ಯಾಕೆ ಬಿಟ್ಟಿರಿ, ಹೋಗಿ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತಲ್ಲ ಎಂದು ಕೂಗಾಡಿದೆ. ಅಪ್ಪ ಉಸಿರಿಗಾಗಿ ಕಾದರು.

"ಅವನಾಗಿ ಹೇಳ್ತಾನೆ ಅಂತ ಕಾದೆ. ನನ್ನ ಹತ್ರ ಒಂದು ಸಲ ಹೇಳಿದ್ರೆ ಸಾಕಿತ್ತು, ಬೇರೆ ಯಾರಿಗೂ ಬೇಡ. ಈಗಲೂ ನೀನಾಗಿ ಕೇಳಬೇಡ. ನೀನು ಕೇಳಿದ ಮೇಲೆ ಹೇಳಿದ್ರೆ ಅದು ಅವನು ಹೇಳಿದ ಹಾಗಾಗಲ್ಲ."

ಮಾತು ಕೊಟ್ಟೆ. ಕೊಟ್ಟದ್ದು ತಪ್ಪೋ ಸರಿಯೋ ಇವತ್ತಿಗೂ ಗೊತ್ತಿಲ್ಲ.

ಮರುದಿನ ಗುಂಡಿಗೆ ಹೋಗಿ ದೊಡ್ಡಪ್ಪನ ಮುಂದೆ ಬುತ್ತಿ ಬಿಚ್ಚಿದೆ. ಅವರ ಮೇಲೆ ಹರಿಹಾಯಬೇಕೆಂದು ನಾಲಗೆ ತುರಿಸುತ್ತಿತ್ತು. ಅಪ್ಪನಿಗೆ ಹೆಚ್ಚು ದಿನ ಇಲ್ಲ, ಬಂದು ನೋಡಿ ಎಂದಷ್ಟೇ ಹೇಳಿದೆ. ಅವರು ಎಷ್ಟು ತೂಕ ಇಳಿದಿದ್ದಾನೆ ಎಂದು ಕೇಳಿದರು. ಹದಿನೆಂಟು ಕೆಜಿ ಎಂದೆ. ಅವರು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಮರಳಿ ಹಾಕಿ ಮುಚ್ಚಿದರು.

ಆಮೇಲೆ ಅವರು ನಮ್ಮ ಬೀದಿಗೆ ಬರತೊಡಗಿದರು. ಕೆಲಸ ಮುಗಿಸಿ ಸೇತುವೆ ದಾಟಿ ಬಂದು, ನಮ್ಮ ಮನೆಯ ಎದುರಿನ ಹೊಲಿಗೆ ಅಂಗಡಿಯ ಮುಂದೆ ನಿಂತು, ಮೇಲಿನ ಕಿಟಕಿ ನೋಡಿ ಹಿಂದೆ ಹೋಗುತ್ತಿದ್ದರು. ಅಂಗಡಿಯವನು ಮೂರನೇ ದಿನ ಅವರಿಗೆ ಸ್ಟೂಲು ಹಾಕಿಕೊಟ್ಟ. ಅಮ್ಮ ಒಮ್ಮೆ ಇಳಿದು ಹೋಗಿ, ಬನ್ನಿ ಭಾವ, ಕಾಫಿ ಆರುತ್ತಿದೆ ಎಂದು ಕರೆದರು. ನಾಳೆ ಬರುತ್ತೇನೆ ಎಂದರು. ಅಪ್ಪ ಹಾಸಿಗೆಯಿಂದಲೇ, ಬಂದನಾ ಎಂದು ಕೇಳುತ್ತಿದ್ದರು. ಬಂದು ಹೋದರು ಎನ್ನುತ್ತಿದ್ದೆವು. ಹೀಗೆ ಎರಡು ವಾರ ನಡೆಯಿತು. ನನಗೆ ಇಬ್ಬರ ಮೇಲೂ ಸಮನಾಗಿ ಸಿಟ್ಟಿತ್ತು, ಇಬ್ಬರ ಮೇಲೂ ಅಳುವಷ್ಟು ಕನಿಕರವಿತ್ತು.

ಒಂದು ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ದೊಡ್ಡಪ್ಪ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಅವರು ಗುಂಡಿ ಬಿಟ್ಟು ಮೇಲೆ ಬರುವವರಲ್ಲ. ಕೈಯಲ್ಲಿ ಸ್ಲೇಟಿತ್ತು. ಮೊಳೆಯಿಂದ ತೆಗೆದು ತಂದಿದ್ದರು.

"ನನಗೆ ಅವನ ಮುಂದೆ ಬಾಯಿ ಬರಲ್ಲ, ಮಗಳೇ. ಇಷ್ಟು ವರ್ಷ ಇದರಲ್ಲೇ ಮಾತಾಡಿದ್ದೀವಿ. ಇದನ್ನು ತೋರಿಸು. ಓದಿದ ಮೇಲೆ ನಾನು ಬರಬಹುದೋ ಇಲ್ಲವೋ ಕೇಳು. ಹನ್ನೆರಡಕ್ಕೆ ಹಡಗಿದೆ, ನಾನೀಗ ಬಿಟ್ಟು ಬರೋ ಹಾಗಿಲ್ಲ."

ಸ್ಲೇಟಿನಲ್ಲಿ ಮೂರು ಸಾಲಿತ್ತು. ಮೇಲೆ, ೨೭೦೦ ಕೆಜಿ. ಅದರ ಕೆಳಗೆ, ಹೊಸ ಬಣ್ಣ, ಒಣಗಿದರೂ ಹಗುರಾಗದು, ಏನೂ ಕಳೆಯಬೇಡ. ಪಕ್ಕದಲ್ಲಿ ಒಂದು ಗೀಟು. ಅದರ ಕೆಳಗೆ, ಓದಿದ್ದೆ, ಬಣ್ಣದವನಿಗೇನು ಗೊತ್ತು ಅಂದುಕೊಂಡೆ, ಒರೆಸಿದ್ದೂ ನಾನೇ.

ನಾನು ಕುರ್ಚಿಯಿಂದ ಎದ್ದದ್ದು, ರಜೆ ಕೇಳಿದ್ದು ಯಾವುದೂ ನೆನಪಿಲ್ಲ. ಸೇತುವೆಯ ಬುಡಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿ ಗೇಟು ಹಾಕಿಬಿಟ್ಟಿದ್ದರು. ಹನ್ನೆರಡರ ಹಡಗು ಬೇಗ ಬಂದಿತ್ತು. ಸಾಮಾನ್ಯವಾಗಿ ಹನ್ನೆರಡು ನಿಮಿಷದ ಕೆಲಸ. ಅವತ್ತು ಎಳೆಯುವ ದೋಣಿಯ ಹಗ್ಗ ತುಂಡಾಗಿ ಹಡಗು ಅಡ್ಡಡ್ಡ ನಿಂತಿತು, ಮುಕ್ಕಾಲು ಗಂಟೆ ಗೇಟು ತೆರೆಯಲಿಲ್ಲ. ಹಿಂದಿನಿಂದ ಸೈಕಲ್ಲಿನವರು, ಮೀನಿನ ಬುಟ್ಟಿಯವರು, ಶಾಲೆ ಬಿಟ್ಟ ಮಕ್ಕಳು, ಕಚೇರಿಯ ಗುಮಾಸ್ತರು ಬಂದು ಒತ್ತತೊಡಗಿದರು. ಎಲ್ಲರೂ ಗುರುತಿನವರೇ. ಏನದು ಸ್ಲೇಟು, ಈ ವಯಸ್ಸಿಗೆ ಶಾಲೆಗೆ ಸೇರಿದೆಯಾ ಎಂದು ಒಬ್ಬ ಗುಮಾಸ್ತ ಕತ್ತು ಚಾಚಿದ. ಒಬ್ಬ ಮನುಷ್ಯನ ಸಾವಿನ ವಿಷಯ ಅದರಲ್ಲಿತ್ತು, ಬರೆದವರು ಇನ್ನೂ ಅದೇ ಸೇತುವೆಯ ಕೆಳಗೆ ಕೆಲಸದಲ್ಲಿದ್ದರು. ಯಾರೂ ಓದಬಾರದೆಂದು ಬರೆದ ಮುಖವನ್ನು ಒಳಗೆ ತಿರುಗಿಸಿ, ಎರಡೂ ಕೈಯಿಂದ ಎದೆಗೆ ಅವುಚಿಕೊಂಡೆ. ಜನ ಒತ್ತಿದಷ್ಟೂ ಅವುಚಿಕೊಂಡೆ. ಗೇಟು ತೆರೆದಾಗ ಹಾಗೇ ಹಿಡಿದು ಓಡಿದೆ.

ಅಮ್ಮ ನನಗೆ ಹೆಣೆದುಕೊಟ್ಟ ಬಿಳಿ ಉಣ್ಣೆಯ ಸ್ವೆಟರ್ ಹಾಕಿದ್ದೆ. ಉಣ್ಣೆ ಹೇಗೆ ಒರೆಸುತ್ತದೆ ಎಂದು ಸ್ಲೇಟು ಹಿಡಿದ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು.

ಅಪ್ಪ ಎಚ್ಚರವಾಗಿದ್ದರು. ದೊಡ್ಡಪ್ಪ ಕಳಿಸಿದ್ದಾರೆ, ನೋಡಿ ಎಂದು ಸ್ಲೇಟನ್ನು ಅವರ ಮುಂದೆ ಹಿಡಿದೆ. ಅವರ ಮುಖದಲ್ಲಿ ಬಂದ ಬೆಳಕನ್ನು ನೋಡುತ್ತಿದ್ದೆನೇ ಹೊರತು ಸ್ಲೇಟನ್ನು ನೋಡಲಿಲ್ಲ. ಬೆಳಕು ಬಂದ ಹಾಗೇ ಹೋಯಿತು. ಆಗ ತಿರುಗಿಸಿ ನೋಡಿದೆ. ನನ್ನ ಕುತ್ತಿಗೆಯ ಹತ್ತಿರ, ಎದೆಗೆ ತಾಗದೆ ಇದ್ದ ಮೇಲಂಚಿನಲ್ಲಿ ೨೭೦೦ ಕೆಜಿ ಎಂದು ಸ್ಪಷ್ಟವಾಗಿ ಉಳಿದಿತ್ತು. ಕೆಳಗಿನದೆಲ್ಲ ಒರೆಸಿಹೋಗಿತ್ತು.

"ಅವತ್ತೂ ಇಷ್ಟೇ ಇತ್ತು," ಎಂದರು ಅಪ್ಪ.

ನಾನು ಅಳುತ್ತ, ಇಲ್ಲಪ್ಪ, ಬರೆದಿದ್ದರು, ನನ್ನ ಸ್ವೆಟರಿಗೆ ತಾಗಿ ಅಳಿಸಿಹೋಯಿತು ಎಂದೆ. ಸ್ವೆಟರನ್ನು ಹಿಡಿದು ತೋರಿಸಿದೆ. ದೊಡ್ಡಪ್ಪನ ನೀಲಿ ಅಂಗಿಯ ಮೇಲೆ ಕಂಡದ್ದು ನನ್ನ ಬಿಳಿ ಸ್ವೆಟರಿನ ಮೇಲೆ ಕಾಣಲಿಲ್ಲ. ಎರಡನೇ ಸಾಲನ್ನು ಒಂದಕ್ಷರ ಬಿಡದೆ ಹೇಳಿದೆ. ಮೂರನೆಯದನ್ನೂ ಹೇಳಿದೆ. ಆಣೆ ಮಾಡಿದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, ಮಗು ಹೇಳುವ ಕತೆ ಕೇಳಿದವರ ಹಾಗೆ, ಮೆಲ್ಲಗೆ ನಕ್ಕರು.

"ನಾನು ಹೇಳಿಕೊಟ್ಟದ್ದನ್ನೇ ನನಗೆ ಒಪ್ಪಿಸ್ತಿದ್ದೀಯಲ್ಲೇ. ಇರಲಿ ಬಿಡು. ಒಳ್ಳೆ ಮಗಳು ನೀನು."

ದೊಡ್ಡಪ್ಪನನ್ನು ಈಗಲೇ ಎಳೆದುಕೊಂಡು ಬರುತ್ತೇನೆ ಎಂದು ಎದ್ದೆ. ಅಷ್ಟರಲ್ಲಿ ಅಪ್ಪನಿಗೆ ಉಸಿರು ಕಟ್ಟತೊಡಗಿತು. ಅಮ್ಮ ಒಂದು ಕಡೆ, ನಾನು ಒಂದು ಕಡೆ ಅವರನ್ನು ಎತ್ತಿ ಕೂರಿಸಿದೆವು. ಡಾಕ್ಟರಿಗೆ ಹೇಳಿ ಕಳಿಸಿದೆವು. ಮೂರು ಗಂಟೆಗೆ ಅಪ್ಪ ಹೋದರು. ಎಲ್ಲ ಗೊತ್ತಿದ್ದೂ ಇಪ್ಪತ್ತೆರಡು ವರ್ಷ ಕಾದವರು, ಕಾದದ್ದು ಮನೆಗೆ ಬಂದಾಗ ಅದನ್ನು ನಂಬದೆ ಹೋದರು. ಒರೆಸಿದವಳು ನಾನು.

ಸುದ್ದಿ ತಿಳಿದು ನಾಲ್ಕೂವರೆಗೆ ದೊಡ್ಡಪ್ಪ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿದರು. ತಮ್ಮನ ಕಾಲ ಬಳಿ ಕೂತರು, ಒಂದು ಕಾಲನ್ನು ಅಂಗೈಯಲ್ಲಿ ಎತ್ತಿ ಹಿಡಿದು ಹಾಗೇ ಇಟ್ಟರು. ತೂಗಿದರೆಂದು ನನಗೆ ಗೊತ್ತು. ಆಮೇಲೆ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

"ಓದಿದನಾ?"

ಅವರ ಮುಖ ನೋಡಿದೆ. ಬೆಳಗ್ಗೆ ಮೇಜಿನ ಮುಂದೆ ನಿಂತಿದ್ದ ಮನುಷ್ಯ ಇವರಲ್ಲ ಎನ್ನುವಷ್ಟು ಕುಗ್ಗಿದ್ದರು. ನಿಜ ಹೇಳಿದರೆ ಇವರೂ ಇಲ್ಲೇ ಬೀಳುತ್ತಾರೆ ಅನ್ನಿಸಿತು. ಇಷ್ಟು ವರ್ಷ ಅಪ್ಪನನ್ನು ಕಾಯಿಸಿದವರು, ಬೀಳಲಿ ಎಂದೂ ಒಂದು ಗಳಿಗೆ ಅನ್ನಿಸಿತು. ಅದನ್ನೂ ಬರೆದುಬಿಡುತ್ತೇನೆ.

"ಓದಿದ್ರು," ಎಂದೆ.

"ಏನಂದ?"

"ನಕ್ಕರು, ದೊಡ್ಡಪ್ಪ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ನಗುವಿನ ಬಲದ ಮೇಲೆ ಅವರು ಹದಿನೈದು ದಿನದ ನಂತರ ಅತ್ತೆಗೆ ಎಲ್ಲವನ್ನೂ ಹೇಳಿದರು. ತಮ್ಮನೇ ಕ್ಷಮಿಸಿದ ಮೇಲೆ ಧೈರ್ಯ ಬಂತು ಎಂದರಂತೆ. ಅತ್ತೆ ಮೂರು ದಿನ ಅವರ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ನಮ್ಮ ಮನೆಗೆ ಬಂದರು. ಅಪ್ಪ ಆ ಸಾಲುಗಳನ್ನು ಓದಲೇ ಇಲ್ಲವೆಂದು ನಾನು ಅವರಿಗೂ ಹೇಳಲಿಲ್ಲ.